ಸರ್ವರ್ ಬೇಕೆ, ಡೆಸ್ಕ್‌ಟಾಪ್ ಸಾಕೆ? ವರ್ಚುವಲೈಸೇಶನ್ ಕುರಿತ ತಪ್ಪು ಕಲ್ಪನೆ ಮತ್ತು ವಾಸ್ತವ

ನಿಪ್ಪಾಣಿಯ ತಂಬಾಕು ವಖಾರಿ, ಅಥಣಿಯ ಚಪ್ಪಲಿ ವ್ಯಾಪಾರ, ರಾಯಬಾಗದ ಗೊಬ್ಬರದಂಗಡಿ, ಚಿಕ್ಕೋಡಿಯ ಪತ್ತಿನ ಸಹಕಾರ ಸಂಘ, ಕಾಗವಾಡದ ಕಡೆಯ ಟ್ರ್ಯಾಕ್ಟರ್ ಬಿಡಿಭಾಗದ ಮಳಿಗೆ, ಎಲ್ಲ ಕಡೆಯೂ ಈಗ ವಹಿ ಇರುವುದು ಕಂಪ್ಯೂಟರಿನಲ್ಲಿ. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಖಾತೆಪುಸ್ತಕದ ಜೊತೆ ಅದಕ್ಕೂ ಕುಂಕುಮ ಏರುತ್ತದೆ. ಉದ್ರಿ ಯಾರದ್ದು ಎಷ್ಟು, ಜಿಎಸ್‌ಟಿ ಎಷ್ಟು ಕಟ್ಟಬೇಕು, ಗೋದಾಮಿನಲ್ಲಿ ಮಾಲು ಎಷ್ಟಿದೆ ಎಂಬುದೆಲ್ಲ ಅದರೊಳಗೇ. ಅಂಥ ಯಂತ್ರ ಕೆಟ್ಟಾಗ ಕೊಲ್ಹಾಪುರ, ಮಿರಜ ಅಥವಾ ಬೆಳಗಾವಿಯಿಂದ ಜಾಣರೊಬ್ಬರು ಬಂದು, "ಇದನ್ನ ವರ್ಚುವಲ್ ಮಾಡಿಬಿಡ್ರಿ" ಎನ್ನುತ್ತಾರೆ. ಇನ್ನೊಬ್ಬರು ಬಂದು, "ಅದೆಲ್ಲ ದೊಡ್ಡ ಕಂಪನಿಗೆ, ನಿಮಗ ಬ್ಯಾಡ್ರಿ" ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಉಳಿದ ಅರ್ಧ ಗೊತ್ತಿಲ್ಲದೆ ರೊಕ್ಕ ಸುರಿಯಬಾರದು, ಡೇಟಾ ಕಳೆದುಕೊಳ್ಳಲಂತೂ ಬಾರದು.

ಮೊದಲು ಮೂಲ ವಿಷಯ. ಒಂದೇ ಕಂಪ್ಯೂಟರಿನ ಪ್ರೊಸೆಸರ್, ಮೆಮೊರಿ, ಡಿಸ್ಕ್‌ಗಳನ್ನು ಪಾಲು ಮಾಡಿ, ಒಂದೊಂದು ಪಾಲಿನಲ್ಲಿ ಒಂದೊಂದು ಪ್ರತ್ಯೇಕ ಕಂಪ್ಯೂಟರ್ ಓಡಿಸುವ ವಿದ್ಯೆಗೆ ವರ್ಚುವಲೈಸೇಶನ್ ಎನ್ನುತ್ತಾರೆ. ಪ್ರತಿ ಪಾಲೂ ಒಂದು ವರ್ಚುವಲ್ ಯಂತ್ರ. ಇದನ್ನು ನಡೆಸುವ ಸಾಫ್ಟ್‌ವೇರಿನಲ್ಲಿ ಎರಡು ಬಗೆ. ಡೆಸ್ಕ್‌ಟಾಪ್ ಬಗೆಯದು ನಿಮ್ಮ ವಿಂಡೋಸ್ ಮೇಲೆ ಉಳಿದ ಪ್ರೋಗ್ರಾಂಗಳಂತೆಯೇ ಕೂರುತ್ತದೆ. ವರ್ಚುವಲ್‌ಬಾಕ್ಸ್, ವಿಎಂವೇರ್ ವರ್ಕ್‌ಸ್ಟೇಶನ್ ಈ ಜಾತಿಯವು. ಸರ್ವರ್ ಬಗೆಯದು ಯಂತ್ರದ ಮೇಲೆ ನೇರವಾಗಿ ಕೂತು ತಾನೇ ಒಡೆಯನಾಗುತ್ತದೆ. ಪ್ರಾಕ್ಸ್‌ಮಾಕ್ಸ್, ವಿಎಂವೇರ್ ಇಎಸ್‌ಎಕ್ಸ್‌ಐ, ವಿಂಡೋಸ್ ಸರ್ವರಿನ ಹೈಪರ್-ವಿ ಈ ಜಾತಿಯವು. ಯಾವುದನ್ನು ಆರಿಸಬೇಕು ಎನ್ನುವಲ್ಲೇ ಹೆಚ್ಚಿನ ಗೊಂದಲ. ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಇದು ದೊಡ್ಡ ಕಂಪನಿಗಳ ವಿದ್ಯೆ, ಲಕ್ಷಗಟ್ಟಲೆ ರೊಕ್ಕ ಬೇಕು.

ವಾಸ್ತವ: ಒಂದು ಕಾಲಕ್ಕೆ ಇದು ನಿಜವಾಗಿತ್ತು. ಐಬಿಎಂ ಕಂಪನಿ 1960ರ ದಶಕದಲ್ಲಿ ತನ್ನ ಭಾರೀ ಯಂತ್ರಗಳನ್ನು ಹಲವರಿಗೆ ಹಂಚಲು ಈ ಉಪಾಯ ಕಂಡುಹಿಡಿಯಿತು. 1972ರಲ್ಲಿ ಅದನ್ನು ಗಿರಾಕಿಗಳಿಗೆ ಅಧಿಕೃತವಾಗಿ ಒದಗಿಸಿತು. ಸಾಮಾನ್ಯ ಪಿಸಿಯಲ್ಲಿ ಇದನ್ನು ಸಾಧ್ಯವಾಗಿಸಿದ ವಿಎಂವೇರ್ ವರ್ಕ್‌ಸ್ಟೇಶನ್ ಬಂದದ್ದು 1999ರಲ್ಲಿ. ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ ಪ್ರೊಸೆಸರಿನೊಳಗೇ ಇದಕ್ಕೆ ಅನುಕೂಲ ಒದಗಿಸಿದವು. ಇಂದು ನಿಮ್ಮ ಮೇಜಿನ ಮೇಲಿರುವ ಸಾಧಾರಣ ಕಂಪ್ಯೂಟರಿಗೂ ಆ ಶಕ್ತಿ ಇರುತ್ತದೆ. ಎಷ್ಟೋ ಸಲ ಬಯಾಸ್ ಸೆಟ್ಟಿಂಗಿನಲ್ಲಿ ಅದು ಬಂದ್ ಆಗಿರುತ್ತದೆ, ಚಾಲೂ ಮಾಡಬೇಕಷ್ಟೆ.

ಐದಾರು ಜನ ಕೆಲಸ ಮಾಡುವ ಅಂಗಡಿಗೆ 32 ಜಿಬಿ ಮೆಮೊರಿ, ಎರಡು ಒಳ್ಳೆಯ ಎಸ್‌ಎಸ್‌ಡಿ ಇರುವ ಯಂತ್ರ ಸಾಮಾನ್ಯವಾಗಿ ಸಾಕು. ಅದರಲ್ಲಿ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಓಡುವ ವಿಂಡೋಸ್‌ಗೆ 12 ಜಿಬಿ, ಕಡತ ಹಂಚುವ ಲಿನಕ್ಸ್‌ಗೆ 4 ಜಿಬಿ ಕೊಟ್ಟರೂ ಇನ್ನೊಂದು ಯಂತ್ರಕ್ಕೆ ಜಾಗ ಉಳಿಯುತ್ತದೆ. ಇದ್ದ ಮೆಮೊರಿಗಿಂತ ಹೆಚ್ಚು ಹಂಚಲು ಮಾತ್ರ ಹೋಗಬೇಡಿ. ಆಗ ಎಲ್ಲ ಯಂತ್ರಗಳೂ ಒಟ್ಟಿಗೆ ತೆವಳತೊಡಗುತ್ತವೆ.

ತಪ್ಪು ಕಲ್ಪನೆ 2: ಎರಡೂ ಒಂದೇ. ಪುಕ್ಕಟೆ ಸಿಗುವ ವರ್ಚುವಲ್‌ಬಾಕ್ಸ್ ಹಾಕಿದರೆ ಸರ್ವರ್ ಆಯಿತು.

ವಾಸ್ತವ: ಒಂದು ವಖಾರಿಯನ್ನು ಕಲ್ಪಿಸಿಕೊಳ್ಳಿ. ನಾಲ್ಕು ಮೇಜು, ನಾಲ್ಕರಲ್ಲೂ ಟ್ಯಾಲಿ ಗೋಲ್ಡ್. ಎಲ್ಲರ ಡೇಟಾ ಇರುವುದು ಮುನೀಮರ ಕಂಪ್ಯೂಟರಿನಲ್ಲಿ, ವರ್ಚುವಲ್‌ಬಾಕ್ಸ್ ಒಳಗಿನ ಒಂದು ಯಂತ್ರದಲ್ಲಿ. ಸಂಜೆ ಮುನೀಮರು ಅಭ್ಯಾಸದಂತೆ ಶಟ್‌ಡೌನ್ ಒತ್ತಿ ಮನೆಗೆ ಹೋಗುತ್ತಾರೆ. ಒಳಗೆ ಓಡುತ್ತಿದ್ದ ಯಂತ್ರ ನಡುವೆಯೇ ಸಾಯುತ್ತದೆ. ಆ ಹೊತ್ತಿಗೆ ಇನ್ನೊಂದು ಮೇಜಿನಲ್ಲಿ ವೋಚರ್ ತುಂಬುತ್ತಿದ್ದವರ ಡೇಟಾ ಕೆಡುತ್ತದೆ. ಮುನೀಮರು ಬಂದ್ ಮಾಡದಿದ್ದರೂ ರಾತ್ರಿ ವಿಂಡೋಸ್ ಅಪ್‌ಡೇಟ್ ಬಂದು ಕಂಪ್ಯೂಟರನ್ನು ಮರುಚಾಲೂ ಮಾಡಬಹುದು. ಬೆಳಗ್ಗೆ ಮುನೀಮರು ಬಂದು ಪಾಸ್‌ವರ್ಡ್ ಹಾಕಿ, ವರ್ಚುವಲ್‌ಬಾಕ್ಸ್ ತೆರೆದು, ಗುಂಡಿ ಒತ್ತುವವರೆಗೆ ಉಳಿದ ಮೂವರು ಕೈಕಟ್ಟಿ ಕೂರಬೇಕು. ತಾನಾಗಿ ಏಳುವಂತೆ ಜೋಡಿಸಲು ದಾರಿಗಳಿವೆ. ಆದರೂ ಒಬ್ಬರ ಮೇಜಿನ ಕಂಪ್ಯೂಟರಿಗೆ ಇಡೀ ಅಂಗಡಿಯ ಜೀವ ಕಟ್ಟಿಹಾಕಿದಂತಾಗುವುದು ತಪ್ಪದು.

ಸರ್ವರ್ ಬಗೆಯ ಸಾಫ್ಟ್‌ವೇರಿನಲ್ಲಿ ಈ ಗೋಳಿಲ್ಲ. ಯಂತ್ರಕ್ಕೆ ಕರೆಂಟ್ ಬಂದೊಡನೆ, ನೀವು ಹೇಳಿಟ್ಟ ಕ್ರಮದಲ್ಲಿ, ಯಾರೂ ಲಾಗಿನ್ ಆಗದೆಯೇ ಒಳಗಿನ ಯಂತ್ರಗಳು ಏಳುತ್ತವೆ. ಅದಕ್ಕೆ ಮಾನಿಟರ್, ಕೀಬೋರ್ಡ್ ಕೂಡ ನಿತ್ಯ ಬೇಕಿಲ್ಲ. ಇನ್ನೊಂದು ಕಂಪ್ಯೂಟರಿನ ಬ್ರೌಸರಿನಿಂದಲೇ ಪ್ರಾಕ್ಸ್‌ಮಾಕ್ಸ್ ನೋಡಿಕೊಳ್ಳಬಹುದು.

ಆಯ್ಕೆಗೆ ನೆನಪಿಡಬೇಕಾದ ಪ್ರಶ್ನೆ ಒಂದೇ: ಈ ವರ್ಚುವಲ್ ಯಂತ್ರ ನಿಂತರೆ ಯಾರ ಕೆಲಸ ನಿಲ್ಲುತ್ತದೆ? ಒಬ್ಬರದಾದರೆ ಡೆಸ್ಕ್‌ಟಾಪ್ ಬಗೆ ಸಾಕು. ಎಲ್ಲರದಾದರೆ ಸರ್ವರ್ ಬಗೆಯೇ ಬೇಕು.

ತಪ್ಪು ಕಲ್ಪನೆ 3: ಹಾಗಾದರೆ ಡೆಸ್ಕ್‌ಟಾಪ್ ವರ್ಚುವಲೈಸೇಶನ್ ಹುಡುಗರ ಆಟಿಕೆ.

ವಾಸ್ತವ: ನಮ್ಮ ಗಡಿಭಾಗದ ಮುದ್ರಣಾಲಯಗಳಿಗೆ ಅದರಷ್ಟು ಉಪಕಾರಿ ಬೇರೊಂದಿಲ್ಲ. ಇಲ್ಲಿ ಒಂದೇ ಮೇಜಿನ ಮೇಲೆ ಕನ್ನಡ ಲಗ್ನಪತ್ರಿಕೆಯೂ ಮರಾಠಿ ಲಗ್ನಪತ್ರಿಕೆಯೂ ತಯಾರಾಗಬೇಕು. ಇಪ್ಪತ್ತು ವರ್ಷಗಳಿಂದ ಕೂಡಿಟ್ಟ ಕಡತಗಳು ಪೇಜ್‌ಮೇಕರಿನಲ್ಲಿ, ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳಲ್ಲಿ ಇರುತ್ತವೆ. ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಗೊತ್ತೇ ಇಲ್ಲ. ಮರಾಠಿ ಅಕ್ಷರದ ಸಾಫ್ಟ್‌ವೇರಿಗೆ ಯುಎಸ್‌ಬಿ ಡಾಂಗಲ್ ಇರುತ್ತದೆ, ಅದರ ಹಳೆಯ ಡ್ರೈವರ್ ಹೊಸ ವಿಂಡೋಸ್‌ನಲ್ಲಿ ಕೂರುವುದಿಲ್ಲ. ಇದೊಂದೇ ಕಾರಣಕ್ಕೆ ಮೂಲೆಯಲ್ಲಿ ವಿಂಡೋಸ್ ಎಕ್ಸ್‌ಪಿಯ ಹಳೆಯ ಡಬ್ಬಿಯೊಂದನ್ನು ಉಸಿರು ಹಿಡಿದು ಕಾಪಾಡಿಕೊಂಡು ಬಂದಿರುತ್ತಾರೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಭದ್ರತಾ ತಿದ್ದುಪಡಿ ಕೊಡುವುದು ನಿಂತದ್ದು 2014ರ ಏಪ್ರಿಲ್ 8ಕ್ಕೆ. ಆ ಡಬ್ಬಿಯ ಮದರ್‌ಬೋರ್ಡ್ ಹೋದರೆ ಬದಲಿ ಸಿಗುವುದು ಕಷ್ಟ.

ಅದು ಸಾಯುವ ಮುಂಚೆಯೇ ಅದರ ಇಡೀ ಡಿಸ್ಕನ್ನು ಒಂದು ಕಡತವಾಗಿ ಪ್ರತಿ ಮಾಡಿಕೊಂಡು, ಹೊಸ ಕಂಪ್ಯೂಟರಿನ ವರ್ಚುವಲ್‌ಬಾಕ್ಸ್ ಒಳಗೆ ಎಬ್ಬಿಸಬಹುದು. ಮೈಕ್ರೋಸಾಫ್ಟ್‌ನ ಡಿಸ್ಕ್‌2ವಿಎಚ್‌ಡಿ ಎಂಬ ಪುಟ್ಟ ಉಪಕರಣ ಇದೇ ಕೆಲಸಕ್ಕಾಗಿ ಇದೆ. ಡಾಂಗಲನ್ನು ಹೊಸ ಕಂಪ್ಯೂಟರಿಗೆ ಚುಚ್ಚಿ ಒಳಗಿನ ಯಂತ್ರಕ್ಕೆ ಒಪ್ಪಿಸಬಹುದು. ಮೂರು ಎಚ್ಚರ ಬೇಕು. ಒಳಗಿನ ಎಕ್ಸ್‌ಪಿಯ ನೆಟ್‌ವರ್ಕ್ ಜೋಡಣೆ ಪೂರ್ತಿ ತೆಗೆದುಬಿಡಿ. ಕಡತ ಆಚೀಚೆ ಮಾಡಲು ಒಂದೇ ಒಂದು ಹಂಚಿದ ಫೋಲ್ಡರ್ ಇಡಿ, ಅದರಲ್ಲಿ ಆ ದಿನದ ಕೆಲಸ ಬಿಟ್ಟು ಬೇರೇನೂ ಇರಬಾರದು. ಹಳೆಯ ಯಂತ್ರದ ಜೊತೆ ಬಂದ ವಿಂಡೋಸ್ ಪರವಾನಗಿ ಎಷ್ಟೋ ಸಲ ಆ ಯಂತ್ರಕ್ಕಷ್ಟೇ ಸಲ್ಲುತ್ತದೆ, ಅದನ್ನು ವಿಚಾರಿಸಿಕೊಳ್ಳಿ. ಇಲ್ಲಿ ಸರ್ವರ್ ಕೊಳ್ಳುವುದು ಸುಮ್ಮನೆ ಖರ್ಚು: ಯಂತ್ರ ನಿಂತರೆ ಕಾಯುವವರು ಒಬ್ಬ ಡಿಟಿಪಿ ಆಪರೇಟರ್ ಮಾತ್ರ.

ತಪ್ಪು ಕಲ್ಪನೆ 4: ಪುಕ್ಕಟೆ ಅಂದರೆ ಎಲ್ಲವೂ ಪುಕ್ಕಟೆ, ಎಂದೆಂದಿಗೂ ಪುಕ್ಕಟೆ.

ವಾಸ್ತವ: ವರ್ಚುವಲ್‌ಬಾಕ್ಸ್‌ನ ಮೂಲ ಭಾಗ ಮುಕ್ತ ಸಾಫ್ಟ್‌ವೇರ್, ಅಂಗಡಿಯಲ್ಲೂ ಬಳಸಬಹುದು. ಅದರ ಜೊತೆ ಸಿಗುವ ಎಕ್ಸ್‌ಟೆನ್ಷನ್ ಪ್ಯಾಕ್ ಸ್ವಂತ ಬಳಕೆಗೆ ಪುಕ್ಕಟೆ, ವ್ಯಾಪಾರಕ್ಕೆ ಅದರ ಒಡೆಯ ಕಂಪನಿ ಒರಾಕಲ್‌ಗೆ ಹಣ ಕಟ್ಟಬೇಕು. ವಿಎಂವೇರ್ ವರ್ಕ್‌ಸ್ಟೇಶನ್ ಪ್ರೊ 2024ರ ನವೆಂಬರಿನಿಂದ ವ್ಯಾಪಾರಕ್ಕೂ ಪುಕ್ಕಟೆ ಆಗಿದೆ.

ಸರ್ವರ್ ಬಗೆಯಲ್ಲಿ ಈಚಿನ ವರ್ಷಗಳ ಕಥೆ ಪಾಠ ಹೇಳುವಂತಿದೆ. ಬ್ರಾಡ್‌ಕಾಮ್ ಕಂಪನಿ 2023ರ ನವೆಂಬರಿನಲ್ಲಿ ವಿಎಂವೇರನ್ನು ಕೊಂಡಿತು. ಮರುತಿಂಗಳೇ ಒಮ್ಮೆ ಕೊಂಡರೆ ಕಾಯಂ ಎನ್ನುವ ಪರವಾನಗಿ ನಿಂತು ವರ್ಷದ ಚಂದಾ ಬಂತು. 2024ರ ಫೆಬ್ರುವರಿಯಲ್ಲಿ ಪುಕ್ಕಟೆ ಇಎಸ್‌ಎಕ್ಸ್‌ಐ ನಿಂತುಹೋಯಿತು. 2025ರ ಏಪ್ರಿಲಿನಲ್ಲಿ ಮತ್ತೆ ಬಂತು. ಮೈಕ್ರೋಸಾಫ್ಟ್ ಪುಕ್ಕಟೆ ಕೊಡುತ್ತಿದ್ದ ಹೈಪರ್-ವಿ ಸರ್ವರ್ 2019ರ ಆವೃತ್ತಿಗೇ ಕೊನೆಯಾಯಿತು. ಪ್ರಾಕ್ಸ್‌ಮಾಕ್ಸ್ 2008ರಿಂದ ಮುಕ್ತ ಸಾಫ್ಟ್‌ವೇರ್ ಆಗಿಯೇ ಉಳಿದಿದೆ. ಅದರಲ್ಲಿ ಹಣ ಕೊಟ್ಟವರಿಗೆ ಕಂಪನಿಯ ನೆರವೂ ಹೆಚ್ಚು ಪರೀಕ್ಷೆಯಾದ ಅಪ್‌ಡೇಟೂ ಸಿಗುತ್ತವೆ. ಕೊಡದವರು ಚಂದಾರಹಿತ ಅಪ್‌ಡೇಟ್ ಮಾರ್ಗವನ್ನು ತಾವೇ ಜೋಡಿಸಿಕೊಳ್ಳಬೇಕು. ಹೊಸದಾಗಿ ಆರಂಭಿಸುವ ಸಣ್ಣ ವ್ಯಾಪಾರಕ್ಕೆ ನನ್ನ ಮೊದಲ ಆಯ್ಕೆ ಇದೇ. ಮಾಲೀಕರು ಬದಲಾದರೂ ನಿಮ್ಮ ಸರ್ವರ್ ನಿಮ್ಮದಾಗಿಯೇ ಇರುತ್ತದೆ.

ಇನ್ನು ಒಳಗೆ ಓಡುವ ವಿಂಡೋಸ್. ಅದು ಎಂದೂ ಪುಕ್ಕಟೆ ಅಲ್ಲ. ಪ್ರತಿ ವರ್ಚುವಲ್ ಯಂತ್ರಕ್ಕೂ ಪರವಾನಗಿ ಬೇಕು. ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್ ಪರವಾನಗಿ ಯಂತ್ರದ ಎಲ್ಲ ಕೋರ್‌ಗಳಿಗೂ ಇದ್ದರೆ ಅದರ ಮೇಲೆ ಎರಡು ವರ್ಚುವಲ್ ಸರ್ವರ್ ಓಡಿಸಬಹುದು. ಬಳಸುವವರ ಲೆಕ್ಕದ ಪರವಾನಗಿ ಬೇರೆ. ವಿಂಡೋಸ್ 11 ಪ್ರೊ ಹಾಕಿ, ಏನೋ ಒಂದು ತೇಪೆ ಹಚ್ಚಿ, ನಾಲ್ಕು ಜನ ಒಂದೇ ಸಲ ರಿಮೋಟ್‌ನಲ್ಲಿ ಕೂರುವಂತೆ ಮಾಡಿಕೊಡುವವರು ಇದ್ದಾರೆ. ಅದಕ್ಕೆ ಪರವಾನಗಿಯೂ ಇಲ್ಲ, ಭದ್ರತೆಯೂ ಇಲ್ಲ. ಮುಂದಿನ ಅಪ್‌ಡೇಟಿಗೆ ಅದು ಮುರಿಯಬಹುದು. ಟ್ಯಾಲಿ ಪರವಾನಗಿಯೂ ಯಂತ್ರಕ್ಕೆ ಅಂಟಿಕೊಂಡಿರುತ್ತದೆ, ಯಂತ್ರ ಬದಲಿಸುವ ಮುಂಚೆ ಹಳೆಯದರಿಂದ ಅದನ್ನು ಬಿಟ್ಟುಕೊಟ್ಟು ಹೊಸದರಲ್ಲಿ ಚಾಲೂ ಮಾಡಿಕೊಳ್ಳಬೇಕು.

ತಪ್ಪು ಕಲ್ಪನೆ 5: ವರ್ಚುವಲ್ ಮಾಡಿದರೆ ಟ್ಯಾಲಿ ನಿಧಾನವಾಗುತ್ತದೆ.

ವಾಸ್ತವ: ನಿಧಾನಕ್ಕೆ ಕಾರಣ ಬೇರೆ ಕಡೆ ಇರುತ್ತದೆ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಮೇಲೆ ಮೂರು ಯಂತ್ರ ಕೂರಿಸಿದರೆ ಮೂರೂ ಡಿಸ್ಕಿಗಾಗಿ ಸರದಿ ಕಾಯುತ್ತವೆ. ಎಸ್‌ಎಸ್‌ಡಿ ಹಾಕಿದರೆ ತೊಂದರೆ ನೀಗುತ್ತದೆ. ಎರಡನೆಯದು ವೈಫೈ. ಹಲವರು ಒಟ್ಟಿಗೆ ಬಳಸುವ ಟ್ಯಾಲಿ ಡೇಟಾ ಗೋಡೆಯಾಚೆಯ ವೈಫೈ ಮೇಲೆ ನಡೆಯಬಾರದು. ಗಿಗಾಬಿಟ್ ಸ್ವಿಚ್, ಒಳ್ಳೆಯ ಕೇಬಲ್ ಹಾಕಿಸಿ.

ಒಂದು ವಿಷಯಕ್ಕೆ ಮಾತ್ರ ವರ್ಚುವಲ್ ಯಂತ್ರದ ಗೊಡವೆ ಬೇಡ: ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್. ಟೆಂಡರಿಗೂ ಜಿಎಸ್‌ಟಿಗೂ ಬಳಸುವ ಆ ಟೋಕನ್ ಸಹಿ ಹಾಕುವವರ ಕೈಯಲ್ಲಿ, ಅವರ ಮೇಜಿನ ಕಂಪ್ಯೂಟರಿನಲ್ಲಿಯೇ ಇರಲಿ. ಅದು ನಿಮ್ಮ ಸಹಿ. ಹಿಂದಿನ ಕೋಣೆಯ ಸರ್ವರಿಗೆ ಹಗಲಿರುಳು ಚುಚ್ಚಿಡುವ ವಸ್ತು ಅಲ್ಲ.

ತಪ್ಪು ಕಲ್ಪನೆ 6: ಸ್ನ್ಯಾಪ್‌ಶಾಟ್ ಇದೆ, ಎರಡು ಡಿಸ್ಕ್ ಇದೆ. ಬ್ಯಾಕಪ್ ಆಯಿತು.

ವಾಸ್ತವ: ಈ ಒಂದು ನಂಬಿಕೆ ಉಳಿದೆಲ್ಲಕ್ಕಿಂತ ಹೆಚ್ಚು ನಷ್ಟ ಮಾಡುತ್ತದೆ. ಸ್ನ್ಯಾಪ್‌ಶಾಟ್ ಎಂದರೆ ಯಂತ್ರದ ಆ ಕ್ಷಣದ ಸ್ಥಿತಿಯ ಗುರುತು. ಟ್ಯಾಲಿಯ ಹೊಸ ಆವೃತ್ತಿ ಹಾಕುವ ಮುಂಚೆ ತೆಗೆದಿಟ್ಟರೆ, ಕೆಟ್ಟಾಗ ಹಿಂದಕ್ಕೆ ಹೋಗಬಹುದು. ಆದರೆ ಅದು ಇರುವುದು ಅದೇ ಯಂತ್ರದಲ್ಲಿ. ಡಿಸ್ಕ್ ಸತ್ತರೆ ಸ್ನ್ಯಾಪ್‌ಶಾಟೂ ಸತ್ತಿತು. ತಿಂಗಳುಗಟ್ಟಲೆ ಬಿಟ್ಟರೆ ಜಾಗ ತಿನ್ನುತ್ತ ಬೆಳೆಯುತ್ತದೆ. ಎರಡು ಡಿಸ್ಕಿಗೆ ಒಟ್ಟಿಗೆ ಬರೆಯುವ ರೇಡ್ ಜೋಡಣೆ ಒಂದು ಡಿಸ್ಕ್ ಕೆಟ್ಟಾಗ ಅಂಗಡಿ ನಿಲ್ಲದಂತೆ ನೋಡಿಕೊಳ್ಳುತ್ತದೆ. ಯಾರಾದರೂ ಕೈತಪ್ಪಿ ಕಂಪನಿಯನ್ನೇ ಅಳಿಸಿದರೆ ಎರಡೂ ಡಿಸ್ಕಿನಿಂದ ಒಟ್ಟಿಗೆ ಅಳಿಸುತ್ತದೆ.

ಬ್ಯಾಕಪ್ ಬೇರೆಡೆ ಇಡಲು ನಮ್ಮ ಸೀಮೆಯಲ್ಲಿ ಇನ್ನೂ ಒಂದು ಕಾರಣವಿದೆ. 2019ರ ಆಗಸ್ಟಿನ ಮಹಾಪೂರವನ್ನು ಇಲ್ಲಿ ಯಾರೂ ಮರೆತಿಲ್ಲ. ಕೃಷ್ಣೆ, ದೂಧಗಂಗಾ, ವೇದಗಂಗಾ ಒಟ್ಟಿಗೆ ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ತಾಲೂಕುಗಳ ಹೊಳೆಸಾಲಿನ ಊರುಗಳು ನೀರುಂಡವು. 2021ರ ಜುಲೈಯಲ್ಲಿ ಮತ್ತೆ ಅದೇ ಆಯಿತು. ಅಂಗಡಿಯ ನೆಲದ ಮೇಲೆ ಸರ್ವರ್, ಅದರ ಪಕ್ಕದ ಕಪಾಟಿನಲ್ಲೇ ಬ್ಯಾಕಪ್ ಡಿಸ್ಕ್ ಇಟ್ಟರೆ ನೀರು ಎರಡನ್ನೂ ಒಟ್ಟಿಗೆ ತೆಗೆದುಕೊಂಡು ಹೋಗುತ್ತದೆ.

ಹೀಗೆ ಮಾಡಿ. ಡೇಟಾದ ಮೂರು ಪ್ರತಿ ಇರಲಿ: ಒಂದು ಓಡುವ ಯಂತ್ರದಲ್ಲಿ, ಒಂದು ಅದೇ ಕಟ್ಟಡದ ಬೇರೆ ಯಂತ್ರದಲ್ಲಿ, ಒಂದು ಊರಾಚೆ. ಎರಡನೆಯದಕ್ಕೆ ಹೊಸ ಯಂತ್ರ ಕೊಳ್ಳಬೇಕಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು; ವಿಂಡೋಸ್ 11 ಕೂರದ ಎಷ್ಟೋ ಗಟ್ಟಿ ಕಂಪ್ಯೂಟರುಗಳು ಮೂಲೆ ಸೇರಿವೆ. ಅಂಥದ್ದಕ್ಕೊಂದು ದೊಡ್ಡ ಡಿಸ್ಕ್ ಹಾಕಿ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಕೂರಿಸಿದರೆ, ಪ್ರತಿ ರಾತ್ರಿ ಬದಲಾದ ಭಾಗವನ್ನಷ್ಟೇ ಎಳೆದುಕೊಂಡು ವಾರಗಟ್ಟಲೆ ಹಿಂದಿನ ಪ್ರತಿಗಳನ್ನೂ ಇಟ್ಟುಕೊಳ್ಳುತ್ತದೆ. ಅದನ್ನು ಮೇಲಿನ ಮಹಡಿಯಲ್ಲಿಡಿ. ಮೂರನೆಯ ಪ್ರತಿ ಬೀಗ ಹಾಕಿದ ಡಿಸ್ಕಿನಲ್ಲಿ ಎತ್ತರದ ಊರಿನ ನೆಂಟರ ಮನೆಗೋ ಇಂಟರ್ನೆಟ್ ಮೂಲಕ ಬೇರೆ ನಗರಕ್ಕೋ ಹೋಗಲಿ.

ನಿಮ್ಮದು ನೋಂದಾಯಿತ ಕಂಪನಿಯಾಗಿದ್ದರೆ ಇದು ಇಷ್ಟದ ಮಾತಲ್ಲ, ಕಾನೂನು. 2022ರ ಆಗಸ್ಟಿನ ತಿದ್ದುಪಡಿಯ ಪ್ರಕಾರ ಕಂಪನಿಯ ಲೆಕ್ಕಪುಸ್ತಕದ ಬ್ಯಾಕಪ್ ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನ ಆಗಬೇಕು. ಪಾಲುದಾರಿಕೆ ಅಂಗಡಿಗೆ ಈ ಕಂಪನಿ ನಿಯಮ ಅನ್ವಯಿಸದಿದ್ದರೂ ಅದರ ಹಿಂದಿನ ವಿವೇಕ ಎಲ್ಲರಿಗೂ ಅನ್ವಯಿಸುತ್ತದೆ.

ತಪ್ಪು ಕಲ್ಪನೆ 7: ವರ್ಚುವಲ್ ಯಂತ್ರಕ್ಕೆ ವೈರಸ್ ತಗಲುವುದಿಲ್ಲ.

ವಾಸ್ತವ: ಒಳಗಿನದು ನಿಜವಾದ ವಿಂಡೋಸೇ, ಹೊರಗಿನದಕ್ಕೆ ತಗಲುವುದೆಲ್ಲ ಅದಕ್ಕೂ ತಗಲುತ್ತದೆ. ಅಷ್ಟೇ ಅಲ್ಲ, ಕೆಳಗಿನ ಸರ್ವರ್ ಸಾಫ್ಟ್‌ವೇರಿಗೇ ಕನ್ನ ಬಿದ್ದರೆ ಮೇಲಿನ ಎಲ್ಲ ಯಂತ್ರಗಳೂ ಒಂದೇ ಏಟಿಗೆ ಹೋಗುತ್ತವೆ. 2023ರ ಫೆಬ್ರುವರಿಯಲ್ಲಿ ಇಎಸ್‌ಎಕ್ಸ್‌ಐ ಸರ್ವರುಗಳನ್ನು ಹುಡುಕಿ ಹುಡುಕಿ ಡೇಟಾಕ್ಕೆ ಬೀಗ ಜಡಿದು ಹಣ ಕೇಳುವ ದಾಳಿ ಜಗತ್ತಿನಾದ್ಯಂತ ನಡೆಯಿತು. ಆ ದೋಷಕ್ಕೆ ತಿದ್ದುಪಡಿ 2021ರ ಫೆಬ್ರುವರಿಯಲ್ಲೇ ಬಂದಿತ್ತು. ಎರಡು ವರ್ಷ ಹಾಕದೆ ಬಿಟ್ಟವರು, ಸರ್ವರನ್ನು ನೇರವಾಗಿ ಇಂಟರ್ನೆಟ್‌ಗೆ ತೆರೆದಿಟ್ಟವರು ಸಿಕ್ಕಿಬಿದ್ದರು.

ಸಹಕಾರ ಸಂಘದವರು 2024ರ ಜುಲೈ ಕೊನೆಯನ್ನೂ ನೆನಪಿಡಬೇಕು. ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಸಂಸ್ಥೆಯ ಮೇಲೆ ಇಂಥದ್ದೇ ದಾಳಿಯಾಗಿ, ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿ ವ್ಯವಹಾರ ಕೆಲ ಸಮಯ ಸ್ಥಗಿತಗೊಂಡಿತ್ತು. ಸಣ್ಣವರನ್ನು ಯಾರು ಕೇಳುತ್ತಾರೆ ಎನ್ನುವ ಧೈರ್ಯಕ್ಕೆ ಆಧಾರವಿಲ್ಲ. ತಿಂಗಳಿಗೊಮ್ಮೆಯಾದರೂ ಅಪ್‌ಡೇಟ್ ಹಾಕಿ. ಮನೆಯಿಂದ ಟ್ಯಾಲಿ ನೋಡಲೆಂದು ರೂಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪಿನ ಬಾಗಿಲು ತೆರೆದಿಟ್ಟಿದ್ದರೆ ಇವತ್ತೇ ಮುಚ್ಚಿಸಿ, ಬದಲಿಗೆ ವಿಪಿಎನ್ ಹಾಕಿಸಿ.

ತಪ್ಪು ಕಲ್ಪನೆ 8: ಯುಪಿಎಸ್ ಇದೆ, ಕರೆಂಟ್ ಹೋದರೆ ಚಿಂತೆಯಿಲ್ಲ.

ವಾಸ್ತವ: ಯುಪಿಎಸ್ ಬ್ಯಾಟರಿ ಮುಗಿಯುವುದನ್ನು ಸರ್ವರಿಗೆ ತಿಳಿಸಬೇಕು, ಆಗ ಸರ್ವರ್ ಒಳಗಿನ ಯಂತ್ರಗಳನ್ನು ಕ್ರಮವಾಗಿ ಮಲಗಿಸಬೇಕು. ಇದಕ್ಕೆ ಯುಪಿಎಸ್‌ನಿಂದ ಸರ್ವರಿಗೆ ಒಂದು ಯುಎಸ್‌ಬಿ ತಂತಿ, ಸರ್ವರಿನಲ್ಲಿ ಎನ್‌ಯುಟಿ ಎಂಬ ಪುಕ್ಕಟೆ ಸಾಫ್ಟ್‌ವೇರ್ ಸಾಕು. ಆ ತಂತಿ ಯುಪಿಎಸ್ ಡಬ್ಬಿಯಲ್ಲೇ ಬಿಚ್ಚದೆ ಬಿದ್ದಿದ್ದರೆ ಮೊದಲು ಅದನ್ನು ಜೋಡಿಸಿ. ಹೆಸ್ಕಾಂ ಕರೆಂಟ್ ಮರಳಿದೊಡನೆ ಯಂತ್ರ ತಾನೇ ಏಳುವಂತೆ ಬಯಾಸ್‌ನಲ್ಲಿ ಹೇಳಿಡಿ.

ತಪ್ಪು ಕಲ್ಪನೆ 9: ಈಗ ಎಲ್ಲ ಕ್ಲೌಡ್. ಅಂಗಡಿಯಲ್ಲಿ ಸರ್ವರ್ ಏಕೆ?

ವಾಸ್ತವ: ಕ್ಲೌಡ್ ಎಂದರೆ ಬೇರೆಯವರ ಕಟ್ಟಡದಲ್ಲಿ ಓಡುವ ಇದೇ ವರ್ಚುವಲ್ ಯಂತ್ರ, ತಿಂಗಳ ಬಾಡಿಗೆಗೆ. ಮೂರು ಊರಲ್ಲಿ ಶಾಖೆ ಇದ್ದವರಿಗೆ, ನೋಡಿಕೊಳ್ಳುವ ಜನ ಇಲ್ಲದವರಿಗೆ ಅದು ಒಳ್ಳೆಯದು. ಆದರೆ ರಸ್ತೆ ಅಗೆದು ಫೈಬರ್ ಕತ್ತರಿಸಿದ ದಿನ ಬಿಲ್ ಹರಿಯಲಾಗದಿದ್ದರೆ, ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಬೇರಿಂಗ್ ಕೇಳುವ ರೈತನಿಗೆ ಉತ್ತರ ಕೊಡಬೇಕಾದವರು ನೀವು. ದಿನದ ಕೆಲಸ ಅಂಗಡಿಯ ಸರ್ವರಿನಲ್ಲಿ, ಬ್ಯಾಕಪ್ ಕ್ಲೌಡಿನಲ್ಲಿ ಎಂಬ ಹದ ನಮ್ಮ ಭಾಗಕ್ಕೆ ಹೆಚ್ಚು ಹೊಂದುತ್ತದೆ.

ತಪ್ಪು ಕಲ್ಪನೆ 10: ಕೂರಿಸಿಕೊಟ್ಟವರೇ ನೋಡಿಕೊಳ್ಳುತ್ತಾರೆ.

ವಾಸ್ತವ: ಅವರು ಊರು ಬಿಡಬಹುದು, ಫೋನ್ ಎತ್ತದಿರಬಹುದು. ಮಹಾಪೂರದಲ್ಲಿ ಯಮಗರ್ಣಿ ಬಳಿ ಹೆದ್ದಾರಿ ಮುಚ್ಚಿದಾಗ ಕೊಲ್ಹಾಪುರದ ತಂತ್ರಜ್ಞರು ಬರಬೇಕೆಂದರೂ ಬರಲಾಗುವುದಿಲ್ಲ. ಸರ್ವರಿನ ಮುಖ್ಯ ಪಾಸ್‌ವರ್ಡ್ ಮಾಲೀಕರ ತಿಜೋರಿಯಲ್ಲಿ ಇರಬೇಕು. ಯಾವ ಯಂತ್ರದಲ್ಲಿ ಏನಿದೆ, ಬ್ಯಾಕಪ್ ಎಲ್ಲಿ ಬೀಳುತ್ತದೆ, ಮರಳಿ ತರುವುದು ಹೇಗೆ ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆಯಿಸಿಕೊಳ್ಳಿ. ಆ ಹಾಳೆ ಕೊಡುವವರೆಗೆ ಕೊನೆಯ ಕಂತು ಕೊಡಬೇಡಿ.

ಒಟ್ಟು ತೀರ್ಮಾನ ಇಷ್ಟು. ಹಳೆಯ ಸಾಫ್ಟ್‌ವೇರ್ ಉಳಿಸಿಕೊಳ್ಳಬೇಕಾದ ಮುದ್ರಣಾಲಯ, ಹೊಸದನ್ನು ಪರೀಕ್ಷಿಸುವ ತೆರಿಗೆ ಸಲಹೆಗಾರರ ಕಚೇರಿ, ಒಬ್ಬರೇ ಕೂರುವ ಅಂಗಡಿ: ಇವರಿಗೆ ಡೆಸ್ಕ್‌ಟಾಪ್ ಬಗೆ ಸಾಕು. ಮೂರು-ನಾಲ್ಕು ಜನ ಒಂದೇ ಲೆಕ್ಕದ ಮೇಲೆ ಕೈಯಾಡಿಸುವ ವಖಾರಿ, ಏಜೆನ್ಸಿ, ಆಸ್ಪತ್ರೆ, ಸಂಘ: ಇವರಿಗೆ ಸರ್ವರ್ ಬಗೆ ಬೇಕು, ಬ್ಯಾಕಪ್ ಯಂತ್ರದ ಸಮೇತ. ಎರಡಕ್ಕೂ ಹಣ ಸಾಲದಿದ್ದರೆ ಸರ್ವರ್ ಖರೀದಿಯನ್ನು ಮುಂದಕ್ಕೆ ಹಾಕಿ, ಬ್ಯಾಕಪ್ ಮುಂದಕ್ಕೆ ಹಾಕಬೇಡಿ.

ಕೊನೆಗೊಂದು ಕಳಕಳಿಯ ಮಾತು. ಏನನ್ನೂ ಕೊಳ್ಳುವ ಮುಂಚೆ, ಈ ವಾರವೇ, ನಿನ್ನೆಯ ಬ್ಯಾಕಪನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ ತೆರೆಯಿಸಿ ನೋಡಿ. ನಿನ್ನೆಯ ಕೊನೆಯ ಬಿಲ್ ಅಲ್ಲಿ ಕಂಡರೆ ನಿಮ್ಮ ಬಳಿ ಬ್ಯಾಕಪ್ ಇದೆ. ಕಾಣದಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಡೆಸ್ಕ್‌ಟಾಪೋ ಸರ್ವರೋ ಎಂಬ ಮಾತು ಆಮೇಲೆ.